ಬೆಕ್ಕು ಕಚ್ಚಿ ತಂದ ಅಳಿಲು ಮರಿ, 21 ಗ್ರಾಂ, ಕಣ್ಣು ತೆರೆದಿಲ್ಲ: ಈ ರಾತ್ರಿ ಏನು ಮಾಡಬೇಕು?

ತೋಟದಂಚು (ಶಿರಸಿ) – ಸಂಜೆ 7:20

ಅಡಿಕೆ ತೋಟದ ದರೆ ಹತ್ತಿರ ಬೆಕ್ಕಿನ ಬಾಯಿಂದ ಬಿಡಿಸಿದ ಮರಿ. ಅಡುಗೆಮನೆ ತಕ್ಕಡಿಯಲ್ಲಿ 21 ಗ್ರಾಂ. ಕಣ್ಣು ಮುಚ್ಚಿದೆ, ಬೆನ್ನಿನ ಪಟ್ಟೆ ಚೆನ್ನಾಗಿ ಕಾಣುತ್ತದೆ, ರೋಮ ಗಿಡ್ಡ, ಹೊಟ್ಟೆ ಇನ್ನೂ ಬೋಳು. ಬಲ ಹಿಂಗಾಲು ಬಾತಿದೆ. ಬೆನ್ನ ಮೇಲೆ ಸೂಜಿ ಚುಚ್ಚಿದಂಥ ಎರಡು ಗುರುತು. ಮುಟ್ಟಿದರೆ ತಣ್ಣಗಿದೆ. ಪಶು ಆಸ್ಪತ್ರೆ ಇನ್ನು ಬೆಳಗ್ಗೆಯೇ. ಮನೆಯಲ್ಲಿ ಆಕಳ ಹಾಲು, ಓಆರ್‌ಎಸ್ ಪೊಟ್ಟಣ, ಇಂಕ್ ಫಿಲ್ಲರ್ ಇವೆ. ಹಾಲು ಎಷ್ಟು ಹಾಕಬೇಕು?

ಸೊಪ್ಪಿನಬೆಟ್ಟ (ಶಿರಸಿ) – 7:26

ಹಾಲು ಬೇಡ. ಸದ್ಯಕ್ಕೆ ಬಾಯಿಗೆ ಏನೂ ಬೇಡ.

ತಣ್ಣಗಾದ ಮರಿಯ ಕರುಳು ಕೆಲಸ ನಿಲ್ಲಿಸಿರುತ್ತದೆ. ಹಾಕಿದ್ದು ಅಲ್ಲೇ ಹುಳಿತು ಹೊಟ್ಟೆ ಉಬ್ಬುತ್ತದೆ. ನುಂಗುವ ತ್ರಾಣವೂ ಇರುವುದಿಲ್ಲ, ಹಾಗಾಗಿ ಅರ್ಧ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೊದಲ ರಾತ್ರಿ ಕುಡಿಸಿದ ಹಾಲಿಗೇ ಎಷ್ಟೋ ಮರಿ ಸಾಯುತ್ತವೆ. ಮೊದಲು ಬಿಸಿ, ಅದಾದ ಮೇಲೆ ನೀರು, ಎಲ್ಲಕ್ಕಿಂತ ಕೊನೆಗೆ ಹಾಲು. ಈ ಸಾಲು ತಪ್ಪಬಾರದು.

ಈಗಿಂದೀಗ ಮಾಡುವುದು: ಮರಿಯನ್ನು ಎರಡೂ ಅಂಗೈ ನಡುವೆ ಹತ್ತು ನಿಮಿಷ ಮುಚ್ಚಿ ಹಿಡಿದುಕೊಳ್ಳಿ. ಅಷ್ಟರೊಳಗೆ ಮನೆಯವರು ಯಾರಾದರೂ ಶೂ ಡಬ್ಬಿಯಷ್ಟು ದೊಡ್ಡ ರಟ್ಟಿನ ಪೆಟ್ಟಿಗೆ ತಯಾರು ಮಾಡಲಿ. ಮುಚ್ಚಳಕ್ಕೆ ಐದಾರು ತೂತು. ಒಳಗೆ ಹಳೇ ಬನಿಯನ್ ಬಟ್ಟೆ. ಟವೆಲ್ ಹಾಕಬೇಡಿ, ಅದರ ಕುಣಿಕೆ ದಾರಕ್ಕೆ ಉಗುರು ಸಿಕ್ಕಿ ಬೆರಳು ತಿರುಚುತ್ತದೆ. ಪೆಟ್ಟಿಗೆಯ ಅರ್ಧ ಭಾಗಕ್ಕೆ ಮಾತ್ರ ಬಿಸಿನೀರಿನ ಬಾಟಲಿ, ಬಟ್ಟೆ ಎರಡು ಸುತ್ತು ಸುತ್ತಿ. ಉಳಿದ ಅರ್ಧ ಬರಿದಾಗಿರಲಿ, ಸೆಕೆಯಾದರೆ ಮರಿ ತೆವಳಿ ಆಚೆ ಬರಬೇಕು.

ಬಾಟಲಿಯನ್ನು ಮಣಿಕಟ್ಟಿನ ಒಳಬದಿಗೆ ಒತ್ತಿ ಹಿಡಿದರೆ ಹಿತವಾಗಿರಬೇಕು, ಚುರುಕು ಹತ್ತಬಾರದು. ಈ ಪ್ರಾಯಕ್ಕೆ ಮರಿ ಮಲಗಿದ ಜಾಗದಲ್ಲಿ 30ರಿಂದ 32 ಡಿಗ್ರಿ ಬೇಕು. ರೋಮವೇ ಇಲ್ಲದ ಗುಲಾಬಿ ಮರಿಗೆ 32ರಿಂದ 35. ಗೋಡೆಗೆ ನೇತುಹಾಕುವ ಥರ್ಮಾಮೀಟರ್ ಇದ್ದರೆ ಒಳಗಿಟ್ಟು ನೋಡಿ. ಡಿಸೆಂಬರ್ ಚಳಿಗೆ ಬಾಟಲಿ ಒಂದೂವರೆ ಎರಡು ತಾಸಿಗೆ ಆರುತ್ತದೆ, ಆರಿದ ಬಾಟಲಿ ಮರಿಯ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಬಚ್ಚಲ ಹಂಡೆಯಲ್ಲಿ ನೀರು ಇದ್ದೇ ಇರುತ್ತದಲ್ಲ, ಅಲಾರಾಂ ಇಟ್ಟು ಬದಲಿಸಿ. ಪೆಟ್ಟಿಗೆಯನ್ನೇ ಒಲೆ ದಂಡೆ ಮೇಲೆ ಇಡುವುದು ಮಾತ್ರ ಬೇಡ, ಹೊಗೆ ಆಗದು.

ಹಾಳೆಟೋಪಿ (ಯಲ್ಲಾಪುರ) – 7:31

ಬಾಟಲಿ ಇಲ್ಲದಿದ್ದರೆ ಕಾಲುಚೀಲಕ್ಕೆ ಎರಡು ಮುಷ್ಟಿ ಅಕ್ಕಿ ತುಂಬಿ ಗಂಟು ಹಾಕಿ, ಬಾಣಲೆಯಲ್ಲಿ ಸಣ್ಣ ಉರಿಗೆ ಮಗುಚುತ್ತ ಬಿಸಿ ಮಾಡಿ. ಮುಕ್ಕಾಲು ತಾಸು ಬರುತ್ತದೆ, ಸೋರುವ ಭಯ ಇಲ್ಲ. ಬಲ್ಬ್ ಹಚ್ಚಿಡುವವರಿದ್ದಾರೆ, ಅದು ಚರ್ಮ ಒಣಗಿಸುತ್ತದೆ. ಕರೆಂಟ್ ಹೋದರೆ ಮುಗಿಯಿತು.

ದನದ ಡಾಕ್ಟ್ರು (ಘಟ್ಟದ ಮೇಲೆ) – 7:48

ಬೆನ್ನ ಮೇಲಿನ ಆ ಎರಡು ಚುಕ್ಕಿಯೇ ಇಲ್ಲಿ ಮುಖ್ಯ, ಕಾಲಲ್ಲ. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಹಲ್ಲು ಸಣ್ಣ, ಆಳಕ್ಕೆ ಇಳಿಯುತ್ತದೆ, ಮೇಲಿನ ಚರ್ಮ ಕೂಡಿಕೊಂಡುಬಿಡುತ್ತದೆ. ಒಳಗೆ ನಂಜು ಏರಿ ಎರಡು ಮೂರು ದಿನದಲ್ಲಿ ಮರಿ ಹೋಗುತ್ತದೆ. ಹೊರಗೆ ಗಾಯ ಕಾಣದಿದ್ದರೂ ಬೆಕ್ಕು ಕಚ್ಚಿದ್ದು ಖಚಿತವಿದ್ದರೆ ಆ್ಯಂಟಿಬಯೋಟಿಕ್ ಬೇಕೇ ಬೇಕು, 24 ತಾಸಿನೊಳಗೆ, ಬೇಗ ಆದಷ್ಟು ಒಳ್ಳೆಯದು. ಬೆಳಗ್ಗೆ ಆಸ್ಪತ್ರೆ ತೆರೆಯುವ ಹೊತ್ತಿಗೆ ಬಾಗಿಲಲ್ಲಿ ಇರಿ. ಹೋಗುವಾಗ ಗ್ರಾಂ ಲೆಕ್ಕದ ತೂಕ ಬರೆದುಕೊಂಡು ಹೋಗಿ. 10 ಕಿಲೋ ನಾಯಿಗೆ ಲೆಕ್ಕ ಹಾಕಿದ ಔಷಧದ ಐನೂರನೇ ಒಂದು ಪಾಲಿನ ಆಸುಪಾಸು ಇದಕ್ಕೆ ಬೇಕಾದದ್ದು. ತೆಳು ಮಾಡಿ ಅಳೆಯದೆ ಕೊಡಲು ಆಗದು. ಅದಕ್ಕೇ ಮನೆಯಲ್ಲಿರುವ ಮಕ್ಕಳ ಸಿರಪ್ಪಿನ ಹನಿ, ನೋವಿನ ಮಾತ್ರೆಯ ಚೂರು ಯಾವುದೂ ಬೇಡ.

ಈ ರಾತ್ರಿ ಗಾಯಕ್ಕೆ: ಮೆಡಿಕಲ್ ಶಾಪಿನ ನಾರ್ಮಲ್ ಸಲೈನ್ ಇದ್ದರೆ ಅದು. ಇಲ್ಲದಿದ್ದರೆ ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ನಾಲ್ಕೂವರೆ ಗ್ರಾಂ ಉಪ್ಪು, ಚಹಾ ಚಮಚಕ್ಕೆ ತುಸು ಕಡಿಮೆ. ಉಗುರುಬೆಚ್ಚಗೆ ಮಾಡಿ, ಸಿರಿಂಜಿನಿಂದ ಚುಕ್ಕಿಯ ಮೇಲೆ ಹರಿಸಿ ಒರೆಸಿ. ಮೇಲೆ ಪೊವಿಡೋನ್ ಅಯೋಡಿನ್, ಹಾಲು ಹಾಕದ ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ, ಹತ್ತಿಕಡ್ಡಿಯಿಂದ ಒಮ್ಮೆ. ಮೈ ಒದ್ದೆ ಉಳಿಯಬಾರದು, ಒದ್ದೆ ಮರಿ ಬಾಟಲಿ ಪಕ್ಕದಲ್ಲೂ ತಣ್ಣಗಾಗುತ್ತದೆ.

ಅರಿಶಿನ ಮೆತ್ತಬೇಡಿ, ಗಾಯದ ಬಾಯಿ ಕಟ್ಟಿ ಕೀವು ಒಳಗೇ ಉಳಿಯುತ್ತದೆ. ಕರ್ಪೂರ ಹಾಕಿದ ಎಣ್ಣೆ, ಟರ್ಪೆಂಟೈನ್, ದನದ ಗಾಯಕ್ಕೆ ಹೊಡೆಯುವ ಸ್ಪ್ರೇ ಇವೆಲ್ಲ ಕೊಟ್ಟಿಗೆಯಲ್ಲೇ ಇರಲಿ. 300 ಕಿಲೋ ದನ ತಡೆಯುವುದನ್ನು 21 ಗ್ರಾಂ ಮರಿ ನೆಕ್ಕಿದರೆ ಸಾಕು.

ಕಾಲಿಗೆ ಕಡ್ಡಿ ಕಟ್ಟಬೇಡಿ. ಬೆರಳ ತುದಿ ಮೆತ್ತಗೆ ಚಿವುಟಿ ನೋಡಿ. ಕಾಲು ಹಿಂದೆ ಎಳೆದುಕೊಂಡರೆ ನರ ಸರಿಯಿದೆ. ಒಂದು ಕಾಲು ಬಾತಿರುವುದು ಬೇರೆ, ಎರಡೂ ಹಿಂಗಾಲು ಎಳೆಯುವುದು ಬೇರೆ. ಎರಡನೆಯದು ಬೆನ್ನುಹುರಿಯ ಪೆಟ್ಟು, ಅಂಥವಕ್ಕೆ ಉಚ್ಚೆ ತಾನಾಗಿ ಹೋಗದೆ ಚೀಲ ಕಟ್ಟುತ್ತದೆ.

ತೋಟದಂಚು (ಶಿರಸಿ) – 8:15

ಚಿವುಟಿದರೆ ಎರಡೂ ಕಾಲು ಎಳೆದುಕೊಳ್ಳುತ್ತದೆ. ಹೊಟ್ಟೆ ಈಗ ಬೆಚ್ಚಗಾಗಿದೆ, ಬಾಯಿ ಆಡಿಸುತ್ತಿದೆ. ಕತ್ತಿನ ಹಿಂದೆ ಚರ್ಮ ಎತ್ತಿ ಬಿಟ್ಟರೆ ಎರಡು ಸೆಕೆಂಡು ಹಾಗೇ ನಿಲ್ಲುತ್ತದೆ.

ಸೊಪ್ಪಿನಬೆಟ್ಟ (ಶಿರಸಿ) – 8:22

ಹಾಗಾದರೆ ನೀರಿನಂಶ ಕಡಿಮೆಯಾಗಿದೆ. ಈಗ ಓಆರ್‌ಎಸ್. ಪೊಟ್ಟಣದ ಮೇಲೆ ಡಬ್ಲ್ಯುಎಚ್‌ಒ ಸೂತ್ರ ಎಂದಿರಬೇಕು, ಅಂಗಡಿಯ ಸಿಹಿ ಪ್ಯಾಕೆಟ್ ಪಾನೀಯ ಅಲ್ಲ. ದೊಡ್ಡ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರು. ಚೂರೇ ಚೂರು ಪುಡಿ ಲೋಟಕ್ಕೆ ಹಾಕಿ ಅಂದಾಜಿನಲ್ಲಿ ಕಲಸಿದರೆ ಉಪ್ಪು ಜಾಸ್ತಿಯಾಗಿ ಇನ್ನಷ್ಟು ಒಣಗುತ್ತದೆ. ಒಂದು ಲೀಟರ್ ಕಲಸಿ, 10 ಎಂಎಲ್ ತೆಗೆದುಕೊಳ್ಳಿ, ಉಳಿದದ್ದು ಮನೆಯವರು ಕುಡಿಯಿರಿ, ಅಡ್ಡಿಲ್ಲೆ.

ಪ್ರಮಾಣ: ಒಂದು ಸಲಕ್ಕೆ ಮೈತೂಕದ ನೂರಕ್ಕೆ 5. 10 ಗ್ರಾಮಿಗೆ ಅರ್ಧ ಎಂಎಲ್, 20ಕ್ಕೆ 1, 30ಕ್ಕೆ ಒಂದೂವರೆ. ನಿಮ್ಮದಕ್ಕೆ 1 ಎಂಎಲ್. ಈ ರಾತ್ರಿ ಎರಡು ತಾಸಿಗೊಮ್ಮೆ ಓಆರ್‌ಎಸ್ ಮಾತ್ರ. ಕೆನ್ನೆಗೆ ತಾಗಿಸಿದರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನ್ನುವ ಹದ.

ಇಂಕ್ ಫಿಲ್ಲರ್ ಎಸೆದುಬಿಡಿ. ಗುಳ್ಳೆ ಸಮೇತ ಒಮ್ಮೆಲೇ ಸುರಿಯುತ್ತದೆ. 1 ಎಂಎಲ್ ಸಿರಿಂಜ್ ಕೇಳಿ, ಸೂಜಿ ಬಿಚ್ಚಲು ಬರುವಂಥದ್ದು. ಇನ್ಸುಲಿನ್ ಸಿರಿಂಜ್‌ಗಳಲ್ಲಿ ಸೂಜಿ ಅಂಟಿಕೊಂಡೇ ಇರುವುದು ಹೆಚ್ಚು, ಅದು ಆಗದು. ತುದಿಗೆ ಸೈಕಲ್ ವಾಲ್ವ್ ಟ್ಯೂಬ್ ಒಂದು ಸೆಂಟಿಮೀಟರ್ ಕತ್ತರಿಸಿ, ನೀರಲ್ಲಿ ಕುದಿಸಿ, ಅರ್ಧ ಸೆಂಟಿಮೀಟರ್ ಹೊರಗೆ ಉಳಿಯುವಂತೆ ಏರಿಸಿ. ಮೊಲೆತೊಟ್ಟಿನ ಹಾಗೆ ಚೀಪುತ್ತವೆ. ಹಲ್ಲು ಬಂದ ಮೇಲೆ ಇದನ್ನು ಕಡಿದು ನುಂಗುತ್ತವೆ, ಆವಾಗ ಬರೀ ಸಿರಿಂಜ್.

ಹಿಡಿಯುವುದು ಹೇಗೆ ಎಂಬಲ್ಲಿಯೇ ತಪ್ಪಾಗುವುದು. ಮಗುವಿನ ಹಾಗೆ ಅಂಗಾತ ಮಲಗಿಸಬೇಡಿ. ಹೊಟ್ಟೆ ಕೆಳಗೆ, ಮುಂಗಾಲು ನಿಮ್ಮ ಬೆರಳ ಮೇಲೆ, ತಲೆ ತುಸು ಮೇಲಕ್ಕೆ. ಮರ ಹತ್ತುವ ಭಂಗಿ. ಒಂದು ಹನಿ ತುಟಿಗೆ, ಅದು ನೆಕ್ಕಿದ ಮೇಲೆ ಇನ್ನೊಂದು. 1 ಎಂಎಲ್‌ಗೆ ಮೂರರಿಂದ ಐದು ನಿಮಿಷ ಹಿಡಿಯಬೇಕು. ಮೂಗಿಂದ ಗುಳ್ಳೆ ಬಂದರೆ ತಕ್ಷಣ ನಿಲ್ಲಿಸಿ, ತಲೆ ಕೆಳಗೆ ಬಾಗಿಸಿ, ಮೂಗು ಒರೆಸಿ, ಉಸಿರು ಸಮ ಆಗುವ ತನಕ ಕಾಯಿರಿ.

ಹಾಳೆಟೋಪಿ (ಯಲ್ಲಾಪುರ) – 8:30

ಸಿರಿಂಜಿನ ಬಗ್ಗೆ ಒಂದು ಮಾತು ಸೇರಿಸಬೇಕು. ನಾಲ್ಕಾರು ಸಲ ತೊಳೆದ ಮೇಲೆ ಒಳಗಿನ ರಬ್ಬರ್ ಹಿಡಿಯುತ್ತದೆ. ಒತ್ತಿದರೆ ಸರಿಯುವುದಿಲ್ಲ, ಇನ್ನಷ್ಟು ಒತ್ತಿದರೆ ಝಾಡಿಸಿ ಅರ್ಧ ಎಂಎಲ್ ಗಂಟಲಿಗೆ. ನ್ಯುಮೋನಿಯಾ ಆಗುವುದು ಹೀಗೇ. ರಬ್ಬರಿಗೆ ತೆಂಗಿನೆಣ್ಣೆ ಸವರಿ, ಎರಡು ದಿನಕ್ಕೊಂದು ಹೊಸ ಸಿರಿಂಜ್ ಬಳಸಿ.

ಕರಿ ಈಶಾಡ (ಅಂಕೋಲಾ) – 8:41

ಇಷ್ಟೆಲ್ಲ ಎಂತಕ್ಕೆ ಮಾರಾಯ್ರೇ, ಆಕಳ ಹಾಲಿಗೆ ಅರ್ಧ ನೀರು ಬೆರೆಸಿ ಕೊಟ್ಟರೆ ಬದುಕುತ್ತವಲ್ಲ? ಊರಲ್ಲಿ ಎಲ್ಲರೂ ಹಾಗೇ ಮಾಡುವುದು.

ಸೊಪ್ಪಿನಬೆಟ್ಟ (ಶಿರಸಿ) – 8:55

ಕೆಲವು ಬದುಕುತ್ತವೆ, ಅದನ್ನೇ ಊರವರು ನೆನಪಿಟ್ಟುಕೊಳ್ಳುವುದು. ಆಕಳ ಹಾಲಲ್ಲಿ ಕೊಬ್ಬು ನೂರಕ್ಕೆ 4ರ ಹತ್ತಿರ, ಹಾಲಿನ ಸಕ್ಕರೆ ಸುಮಾರು 5. ಅಳಿಲು ತಾಯಿಯ ಹಾಲು ಇದಕ್ಕೆ ಉಲ್ಟಾ, ಕೊಬ್ಬು ಮತ್ತು ಪ್ರೋಟೀನ್ ಬಹಳ ಹೆಚ್ಚು, ಸಕ್ಕರೆ ಕಡಿಮೆ. ಆಕಳ ಹಾಲಿನ ಸಕ್ಕರೆ ಮರಿಯ ಕರುಳಿಗೆ ಹೆಚ್ಚಾಗಿ ಭೇದಿ. ನೀರು ಬೆರೆಸಿದರೆ ಸಕ್ಕರೆ ಅರ್ಧವಾಯಿತು ಸರಿ, ಕೊಬ್ಬೂ ಅರ್ಧವಾಯಿತು. ಹೊಟ್ಟೆ ತುಂಬಿದಂತೆ ಕಂಡರೂ ತೂಕ ಏರುವುದಿಲ್ಲ. ಎಮ್ಮೆ ಹಾಲಿನಲ್ಲಿ ಕೊಬ್ಬು ಹೆಚ್ಚೇ, ಸಕ್ಕರೆಯ ತೊಂದರೆ ಮಾತ್ರ ಹಾಗೇ ಉಳಿಯಿತು. ಮನುಷ್ಯರ ಮಕ್ಕಳ ಹಾಲಿನ ಪುಡಿಯಲ್ಲಂತೂ ಸಕ್ಕರೆ ಇನ್ನೂ ಜಾಸ್ತಿ.

ಬೇಕಾದದ್ದು ನಾಯಿಮರಿಗಳಿಗೆ ಅಂತ ಮಾರುವ ಹಾಲಿನ ಪುಡಿ. ಶಿರಸಿ, ಕಾರವಾರದ ಪೆಟ್ ಅಂಗಡಿಗಳಲ್ಲಿ ಕೇಳಿ, ಇಲ್ಲದಿದ್ದರೆ ಹುಬ್ಬಳ್ಳಿ ಬಸ್ಸಿಗೆ ಹಾಕಿಸಿ ತರಿಸಿಕೊಳ್ಳಬಹುದು. ಬರುವ ತನಕ ಒಂದೆರಡು ದಿನ ಕುದಿಸಿ ಆರಿಸಿದ ಆಡಿನ ಹಾಲು ಮೂರು ಪಾಲು, ಸಕ್ಕರೆ ಹಾಕದ ಕ್ರೀಮ್ ಒಂದು ಪಾಲು. ತಿಂಗಳುಗಟ್ಟಲೆ ಅದರಲ್ಲೇ ಸಾಕಲು ಆಗದು.

ದನದ ಡಾಕ್ಟ್ರು (ಘಟ್ಟದ ಮೇಲೆ) – 9:05

ಪುಡಿ ಕಲಸುವುದು ಪೊಟ್ಟಣದ ಮೇಲೆ ಬರೆದಂತೆ. ಹೆಚ್ಚಿನವು ಅಳತೆಯಲ್ಲಿ ಒಂದು ಪಾಲು ಪುಡಿಗೆ ಎರಡು ಪಾಲು ನೀರಿನ ಆಸುಪಾಸು. ಗಂಟು ಉಳಿಯಬಾರದು, ಟ್ಯೂಬ್ ಕಟ್ಟುತ್ತದೆ. ಕಲಸಿ ನಾಲ್ಕು ತಾಸು ಫ್ರಿಜ್ಜಿನಲ್ಲಿಟ್ಟರೆ ಪುಡಿ ಪೂರ್ತಿ ನೆನೆದು ಹೊಟ್ಟೆ ಉಬ್ಬುವುದು ಕಡಿಮೆ. 24 ತಾಸಿನ ಮೇಲೆ ಚೆಲ್ಲಿ. ಬಿಸಿನೀರ ಲೋಟದಲ್ಲಿ ಸಿರಿಂಜ್ ಮುಳುಗಿಸಿ ಬೆಚ್ಚಗೆ ಮಾಡಿ, ಒಮ್ಮೆ ಬೆಚ್ಚಗಾದದ್ದನ್ನು ಮತ್ತೆ ಫ್ರಿಜ್ಜಿಗೆ ಇಡಬೇಡಿ.

ಒಮ್ಮೆಲೇ ಪೂರ್ತಿ ಹಾಲಿಗೆ ಹೋಗಬಾರದು. ಕಾಲು ಭಾಗ ಹಾಲು ಮುಕ್ಕಾಲು ಓಆರ್‌ಎಸ್, ಎರಡು ಮೂರು ಸಲ. ಆಮೇಲೆ ಅರ್ಧರ್ಧ, ಎರಡು ಮೂರು ಸಲ. ಮುಕ್ಕಾಲು. ಕೊನೆಗೆ ಪೂರ್ತಿ. ಯಾವ ಹಂತದಲ್ಲಿ ಸಗಣಿ ನೀರಾಯಿತೋ ಅದರ ಹಿಂದಿನ ಹಂತಕ್ಕೆ ಇಳಿಯಿರಿ.

ಮುರುಗಲು (ಸಿದ್ದಾಪುರ) – 9:20

ಯಾರೂ ಹೇಳದ ಒಂದು ವಿಷಯ. ಕಣ್ಣು ತೆರೆಯುವ ತನಕ ಮರಿ ತಾನಾಗಿ ಉಚ್ಚೆ ಮಾಡುವುದಿಲ್ಲ, ತಾಯಿ ನೆಕ್ಕಿ ಮಾಡಿಸುತ್ತದೆ. ಪ್ರತಿ ಸಲ ಹಾಲಿಗೆ ಮೊದಲು ಮತ್ತು ಆಮೇಲೆ, ಬಿಸಿನೀರಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಅಡಿಭಾಗಕ್ಕೆ ಮೆತ್ತಗೆ, ಬೇಗ ಬೇಗ, ಅರ್ಧ ನಿಮಿಷ ಸವರಿ. ತಿಕ್ಕಬೇಡಿ. ಉಚ್ಚೆ ತೆಳು ಹಳದಿಯಾದರೆ ಸರಿ, ಕಡು ಹಳದಿ ಆದರೆ ಓಆರ್‌ಎಸ್ ಇನ್ನೂ ಬೇಕು. ಇದನ್ನು ಮರೆತರೆ ಎರಡನೇ ದಿನಕ್ಕೆ ಹೊಟ್ಟೆ ಗಟ್ಟಿಯಾಗಿ, ಹಾಲು ಹೆಚ್ಚಾಯಿತು ಅಂದುಕೊಂಡು ಹಾಲು ನಿಲ್ಲಿಸುತ್ತೀರಿ. ಎರಡು ತಪ್ಪು ಒಟ್ಟಿಗೆ.

ಇನ್ನೊಂದು ನಿಮ್ಮ ಸುರಕ್ಷತೆಗೆ. ಮರಿ ಮೈಮೇಲೆ ಉಣುಗು (ರಕ್ತ ಹೀರುವ ಉಣ್ಣೆ ಹುಳ) ಇದೆಯಾ ನೋಡಿ: ಕಿವಿ ಒಳಗೆ, ಕಂಕುಳು, ಬಾಲದ ಬುಡ. ಮಂಗನ ಕಾಯಿಲೆಯ ವೈರಸ್ ಸುತ್ತುವುದು ಉಣುಗು ಮತ್ತು ಕಾಡಿನ ಸಣ್ಣ ಪ್ರಾಣಿಗಳ ನಡುವೆ, ಅಳಿಲೂ ಆ ಸಾಲಿನಲ್ಲಿದೆ. 1957ರಲ್ಲಿ ಅದು ಮೊದಲು ಗೊತ್ತಾದ ಕ್ಯಾಸನೂರು ನಮ್ಮ ಪಕ್ಕದ ಸೊರಬ ತಾಲೂಕು. 2024ರ ಆರಂಭದಲ್ಲಿ ಸಿದ್ದಾಪುರ ತಾಲೂಕಿನಲ್ಲೇ ಪ್ರಕರಣ ಬಂದಿದ್ದು ಎಲ್ಲರಿಗೂ ನೆನಪಿದೆ. ಡಿಸೆಂಬರಿನಿಂದ ಮೇ ತನಕ ಕಾಲವೇ ಅದು. ಕೈಗವಸು ಹಾಕಿ, ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರ ಎಳೆದು ಸ್ಪಿರಿಟ್ ಇರುವ ಶೀಶೆಗೆ ಹಾಕಿ. ಉಗುರಲ್ಲಿ ಕುಟ್ಟಬೇಡಿ. ಉಣುಗು ಹತ್ತದಂತೆ ಸವರಲು ಆರೋಗ್ಯ ಇಲಾಖೆಯವರು ಕೊಡುವ ಡೀಪಾ ಎಣ್ಣೆ ನಿಮ್ಮ ಕೈಕಾಲಿಗೆ, ಮರಿಗೆ ಸವರಬೇಡಿ. ಉಣುಗು ಕಚ್ಚಿದ ಮೇಲೆ ಮೂರರಿಂದ ಎಂಟು ದಿನದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಆರೋಗ್ಯ ಕೇಂದ್ರಕ್ಕೆ ಹೋಗಿ, ಉಣುಗಿನ ವಿಷಯ ನೀವಾಗಿಯೇ ಹೇಳಿ.

ದನದ ಡಾಕ್ಟ್ರು (ಘಟ್ಟದ ಮೇಲೆ) – 9:27

ಮುರುಗಲು ಅಕ್ಕ ಹೇಳಿದ್ದು ಸರಿ. ಹಾಗೇ ನೊಣದ ಮೊಟ್ಟೆಯನ್ನೂ ನೋಡಿ. ಗಾಯದ ಅಂಚು, ಮೂಗು, ಕಿವಿ, ಗುದದ್ವಾರದಲ್ಲಿ ಸಣ್ಣ ಅಕ್ಕಿನುಚ್ಚು ಅಂಟಿಸಿದ ಹಾಗೆ ಗುಂಪಾಗಿ ಇರುತ್ತದೆ. ಒಂದು ದಿನದೊಳಗೆ ಹುಳ ಆಗುತ್ತದೆ. ಒಣ ಟೂತ್‌ಬ್ರಷ್‌ನಿಂದ, ರೋಮದ ದಿಕ್ಕಿಗೆ ಎಳೆದು ತೆಗೆಯಿರಿ. ಒದ್ದೆ ಮಾಡಿದರೆ ಇನ್ನೂ ಅಂಟುತ್ತದೆ.

ಮರಿ ಅಥವಾ ದೊಡ್ಡ ಅಳಿಲು ನಿಮಗೆ ಕಚ್ಚಿದರೆ ಸೋಪು ನೀರಲ್ಲಿ 15 ನಿಮಿಷ ತೊಳೆದು ವೈದ್ಯರ ಹತ್ತಿರ ಹೋಗಿ. ಅಳಿಲಿನಿಂದ ರೇಬೀಸ್ ಬರುವುದು ಬಹಳ ಅಪರೂಪ, ಧನುರ್ವಾಯು ಚುಚ್ಚುಮದ್ದು ಮಾತ್ರ ಮರೆಯಬೇಡಿ.

ಕಾಳಿ ಕಡವು (ಕಾರವಾರ) – ಮರುದಿನ ಬೆಳಗ್ಗೆ 9:10

ಇದೇ ಚರ್ಚೆಯಲ್ಲಿ ಕೇಳುತ್ತೇನೆ. ಇಲ್ಲಿ ಕಾಯಿ ಕೊಯ್ಯುವಾಗ ತೆಂಗಿನ ಮರದಿಂದ ಗೂಡು ಸಮೇತ ಎರಡು ಚಾನಿ (ಅಳಿಲು) ಮರಿ ಬಿದ್ದಿವೆ. ಗಾಯ ಇಲ್ಲ, ಕೂಗುತ್ತಿವೆ. ಬೆಕ್ಕು ಮುಟ್ಟಿಲ್ಲ. ಮನುಷ್ಯರ ವಾಸನೆ ತಾಗಿದರೆ ತಾಯಿ ಬಿಡುತ್ತದಂತೆ ಹೌದೋ?

ಹಾಳೆಟೋಪಿ (ಯಲ್ಲಾಪುರ) – 9:16

ಸುಳ್ಳು. ತಾಯಿ ಸಾಮಾನ್ಯವಾಗಿ ಬರುತ್ತದೆ, ಜಾಗ ಕೊಟ್ಟರೆ. ನಿಮ್ಮ ಮರಿಗಳಿಗೆ ಸಾಕಣೆಯೇ ಬೇಡ, ವಾಪಸ್ ಕಳಿಸುವುದು ಬೇಕು.

ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿ. ಸಣ್ಣ ಬುಟ್ಟಿ ಅಥವಾ ಅಂಚು ಗಿಡ್ಡಗಿರುವ ರಟ್ಟಿನ ಡಬ್ಬಿ, ತಳಕ್ಕೆ ಎರಡು ತೂತು, ಒಳಗೆ ಅದೇ ಹಳೇ ಗೂಡಿನ ನಾರು. ಬಟ್ಟೆ ಸುತ್ತಿದ ಸಣ್ಣ ಬಿಸಿನೀರ ಬಾಟಲಿ. ಅದೇ ಮರಕ್ಕೆ, ಅದು ಆಗದಿದ್ದರೆ ಪಕ್ಕದ ಮರಕ್ಕೆ, ಆಳೆತ್ತರದಲ್ಲಿ ನೆರಳಿರುವ ಬದಿ ಕಟ್ಟಿ. ಹಣ್ಣು, ಹಾಲು ಏನೂ ಇಡಬೇಡಿ, ಚಿಗಳಿ (ಕೆಂಪಿರುವೆ) ಮುತ್ತಿದರೆ ಅರ್ಧ ತಾಸಿಗೆ ಮುಗಿಸುತ್ತವೆ. ಹಗ್ಗಕ್ಕೆ ಒಂದು ಗೇಣು ಬೇವಿನೆಣ್ಣೆ ಸವರಿ. ನಾಯಿ, ಬೆಕ್ಕು ಒಳಗೆ ಕಟ್ಟಿಹಾಕಿ, ನೀವು 30 ಮೀಟರ್ ದೂರ ಹೋಗಿ ನೋಡಿ. ಹತ್ತಿರ ನಿಂತು ಫೋಟೋ ತೆಗೆಯುತ್ತಿದ್ದರೆ ತಾಯಿ ಮರದ ಮೇಲೆ ಕುಳಿತು ಚಿಲಿಪಿಲಿ ಬೈಯುತ್ತದೆ, ಇಳಿಯುವುದಿಲ್ಲ. ಮರಿ ಸುಮ್ಮನಾದರೆ ಅವುಗಳ ಕೂಗನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಬುಟ್ಟಿ ಪಕ್ಕ ಹಚ್ಚಿಡಬಹುದು.

ಒಂದೊಂದೇ ಮರಿ ಬಾಯಲ್ಲಿ ಕಚ್ಚಿ ಒಯ್ಯುತ್ತದೆ, ಎರಡನೆಯದಕ್ಕೆ ಬರಲು ತಾಸು ಆದರೂ ಆಗಬಹುದು. ಒಂದನ್ನು ಒಯ್ದದ್ದು ನೋಡಿ ಇನ್ನೊಂದು ಅನಾಥ ಅಂತ ಎತ್ತಿಕೊಳ್ಳಬೇಡಿ. ಎರಡು ತಾಸಿಗೊಮ್ಮೆ ಮರಿ ಬೆಚ್ಚಗಿದೆಯೇ ನೋಡಿ ಬಾಟಲಿ ಬದಲಿಸಿ. ಅಳಿಲು ಹಗಲು ಪ್ರಾಣಿ, ಕತ್ತಲಾದ ಮೇಲೆ ತಾಯಿ ಬರುವುದಿಲ್ಲ. ಬರುವುದು ಕಬ್ಬೆಕ್ಕು ಮತ್ತು ಹಾವು. ಸೂರ್ಯ ಮುಳುಗುವ ಮೊದಲು ಒಳಗೆ ತಂದು ಬೆಳಗ್ಗೆ ಮತ್ತೆ ಕಟ್ಟಿ.

ಕಾಳಿ ಕಡವು (ಕಾರವಾರ) – 9:24

ಇಲ್ಲಿ ಹಗಲು ಸೆಕೆ, ಆದರೂ ಬಾಟಲಿ ಬೇಕೋ?

ಸೊಪ್ಪಿನಬೆಟ್ಟ (ಶಿರಸಿ) – 9:33

ರೋಮ ಬಂದ ಮರಿಗೆ 30 ಡಿಗ್ರಿ ದಾಟಿದ ಮಧ್ಯಾಹ್ನ ಬೇಡ. ಒಂದಕ್ಕೊಂದು ಅಂಟಿ ಸುರುಳಿ ಸುತ್ತಿಕೊಂಡಿದ್ದರೆ ಚಳಿ, ಕಾಲು ಚಾಚಿ ಚಪ್ಪಟೆ ಬಿದ್ದು ಬೇಗ ಬೇಗ ಉಸಿರಾಡುತ್ತಿದ್ದರೆ ಸೆಕೆ. ಕಾರವಾರದಲ್ಲಿ ತಗಡಿನ ಮಾಡಿನ ಕೆಳಗೆ ಇಟ್ಟು ಬೇಯಿಸಿದವರೇ ಹೆಚ್ಚು. ಬೆಳಗಿನ ಜಾವ ಮಾತ್ರ ಕರಾವಳಿಯಲ್ಲೂ ಬಾಟಲಿ ಬೇಕು.

ಕಾಳಿ ಕಡವು (ಕಾರವಾರ) – ಮಧ್ಯಾಹ್ನ 12:50

ಎರಡನ್ನೂ ಒಯ್ದಿತು. ಮೊದಲನೆಯದು 11ಕ್ಕೆ, ಎರಡನೆಯದು 12:20ಕ್ಕೆ.

ತೋಟದಂಚು (ಶಿರಸಿ) – ಸಂಜೆ 6:00

ಆ್ಯಂಟಿಬಯೋಟಿಕ್, ನೋವಿನ ಔಷಧ ಶುರುವಾಗಿದೆ, ದಿನಕ್ಕೆ ಎಷ್ಟು ಹನಿ ಎಂದು ಬರೆದು ಕೊಟ್ಟಿದ್ದಾರೆ. ಮೂಳೆ ಮುರಿದಿಲ್ಲ, ಉಳುಕು ಎಂದರು. ಅರ್ಧರ್ಧ ಹಾಲಿಗೆ ಬಂದಿದ್ದೇವೆ. ತೂಕ ಇನ್ನೂ 21. ಹಾಲು ಕುಡಿದ ಮೇಲೆ ಹೊಟ್ಟೆ ತಮಟೆಯ ಹಾಗೆ ಬಿಗಿದು ಚರ್ಮ ಹೊಳೆಯುತ್ತದೆ. ಅರಣ್ಯ ಇಲಾಖೆಗೆ ತಿಳಿಸಬೇಕೋ?

ದನದ ಡಾಕ್ಟ್ರು (ಘಟ್ಟದ ಮೇಲೆ) – 6:12

ಬಿಗಿದ ಹೊಟ್ಟೆಗೆ ಇನ್ನೊಂದು ಹನಿ ಹಾಲೂ ಬೇಡ. ಗಾಳಿ ತುಂಬಿದೆ. ಹತ್ತಿಯಿಂದ ಉಚ್ಚೆ, ಸಗಣಿ ಮಾಡಿಸಿ. ಬೆಚ್ಚನೆ ಒದ್ದೆ ಬಟ್ಟೆಯನ್ನು ಹೊಟ್ಟೆಗೆ ಹಿಡಿದು, ಪಕ್ಕೆಯಿಂದ ಬಾಲದ ಕಡೆಗೆ ಬೆರಳ ತುದಿಯಲ್ಲಿ ಎರಡು ಮೂರು ನಿಮಿಷ ನೀವಿ, ಒರೆಸಿ, ಬಾಟಲಿ ಪಕ್ಕ ಬಿಡಿ. ಮುಂದಿನ ಎರಡು ಸಲ ಓಆರ್‌ಎಸ್ ಮಾತ್ರ, ಆಮೇಲೆ ಕಾಲು ಭಾಗ ಹಾಲಿಗೆ ಇಳಿದು ಶುರು. ಕಾರಣ ಮೂರರಲ್ಲಿ ಒಂದು: ಹಾಲು ತಣ್ಣಗಿತ್ತು, ಸಿರಿಂಜಿನ ಗುಳ್ಳೆ ಹೋಯಿತು, ಇಲ್ಲವೇ ಹಿಂದಿನ ಹಾಲು ಕರಗುವ ಮೊದಲೇ ಕೊಟ್ಟಿರಿ. ಹೊಟ್ಟೆ ದುಂಡಗೆ, ಮೆತ್ತಗೆ ಇದ್ದರೆ ಸಾಕು ಎಂದು ತಿಳಿಯಿರಿ. ಅದು ಕೇಳುತ್ತದೆ ಎಂದು ಕೊಡುತ್ತ ಹೋಗಬೇಡಿ, ಕೆಲವು ಮರಿಗಳಿಗೆ ಸಾಕು ಅನ್ನುವುದೇ ಗೊತ್ತಿಲ್ಲ.

ಉಸಿರಿನ ಜೊತೆ ಟಿಕ್ ಟಿಕ್ ಸದ್ದು, ಬಾಯಿ ತೆರೆದು ಉಸಿರಾಟ, ಒಸಡು ಬಿಳಿಚುವುದು, ಇವುಗಳಲ್ಲಿ ಒಂದು ಕಂಡರೂ ಕಾಯದೆ ಆಸ್ಪತ್ರೆ.

ಮುರುಗಲು (ಸಿದ್ದಾಪುರ) – 6:20

ತಿಳಿಸಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಪ್ರಾಣಿಯನ್ನು ಮನೆಯಲ್ಲಿ ಸಾಕಿಕೊಳ್ಳಲು ಅವಕಾಶ ಇಲ್ಲ, ಕೈಗೆ ಬಂದ 48 ತಾಸಿನೊಳಗೆ ತಿಳಿಸುವುದು ಕ್ಷೇಮ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರ, ಹೊನ್ನಾವರ, ಶಿರಸಿ, ಯಲ್ಲಾಪುರ, ಹಳಿಯಾಳ ಅರಣ್ಯ ವಿಭಾಗಗಳಿವೆ, ನಿಮ್ಮ ವಲಯದ ಆಫೀಸಿಗೆ ಹೋಗಿ ಅಥವಾ ಸಹಾಯವಾಣಿ 1926ಕ್ಕೆ ಕರೆ ಮಾಡಿ. ದಿನ, ಸಮಯ, ಮಾತಾಡಿದ್ದು ಬರೆದಿಟ್ಟುಕೊಳ್ಳಿ. ಒಯ್ಯುತ್ತೇವೆ ಎಂದರೆ ಹಾಲಿನ ಪಟ್ಟಿ, ಔಷಧದ ಚೀಟಿ ಜೊತೆಗೇ ಕೊಡಿ, ಇಲ್ಲದಿದ್ದರೆ ಅಲ್ಲಿ ಮತ್ತೆ ಆಕಳ ಹಾಲಿನಿಂದ ಶುರುವಾಗುತ್ತದೆ.

ಪಟ್ಟೆಯೇ ಇಲ್ಲದ, ಹುಟ್ಟಿನಿಂದಲೇ ದೊಡ್ಡ ಮರಿಯಾದರೆ ಅದು ಕೆಂದಳಿಲು. ಮುಂಗೈಯಿಂದ ಹಿಂಗಾಲಿನ ತನಕ ಚರ್ಮದ ಪೊರೆ ಇದ್ದರೆ ಹಾರುಬೆಕ್ಕು, ಅಂದರೆ ಹಾರುವ ಅಳಿಲು. ಅವೆರಡನ್ನು ಮನೆಯಲ್ಲಿ ಇಟ್ಟುಕೊಳ್ಳುವ ಮಾತೇ ಇಲ್ಲ, ಬೆಚ್ಚಗೆ ಮಾಡಿ ಅದೇ ದಿನ ಇಲಾಖೆಗೆ.

ತೋಟದಂಚು (ಶಿರಸಿ) – 12ನೇ ದಿನ

ವಲಯ ಕಚೇರಿಗೆ ತಿಳಿಸಿ ಅವರ ಸೂಚನೆಯಂತೆ ನೋಡಿಕೊಳ್ಳುತ್ತಿದ್ದೇವೆ. ತೂಕ 33. ಕಣ್ಣು ತೆರೆದಿದೆ, ಬಾವು ಇಳಿದಿದೆ. ರಾತ್ರಿ ಹಾಲು ಯಾವಾಗ ನಿಲ್ಲಿಸಬಹುದು? ತಿನ್ನಲು ಏನು?

ಸೊಪ್ಪಿನಬೆಟ್ಟ (ಶಿರಸಿ) – 12ನೇ ದಿನ

ಕಣ್ಣು ತೆರೆದ ಮೇಲೆ ನಾಲ್ಕು ತಾಸಿಗೊಮ್ಮೆ, ರಾತ್ರಿ 11ಕ್ಕೆ ಕೊಟ್ಟು ಬೆಳಗ್ಗೆ 5ಕ್ಕೆ ಕೊಟ್ಟರೆ ಆಯಿತು. ದಿನಾ ಒಂದೇ ಹೊತ್ತಿಗೆ, ಹಾಲಿಗೆ ಮೊದಲು ತೂಗಿ. ಎರಡು ದಿನ ತೂಕ ನಿಂತರೆ ಏನೋ ತಪ್ಪಿದೆ ಎಂದೇ ಅರ್ಥ. ಹಾಲು ಒಂಬತ್ತು ಹತ್ತು ವಾರದ ತನಕ ಬೇಕು, ತಿನ್ನಲು ಕಲಿತಿದೆ ಎಂದು ಆರನೇ ವಾರಕ್ಕೆ ನಿಲ್ಲಿಸಬೇಡಿ.

ಮುಂದೆ ಕಾಡುವ ಕಾಯಿಲೆ ಮೂಳೆಯದು. ಶೇಂಗಾ, ಸೂರ್ಯಕಾಂತಿ ಬೀಜ, ಬಿಸ್ಕೀಟು ಹಾಕಿ ಬೆಳೆಸಿದ ಅಳಿಲಿಗೆ ಒಂದು ದಿನ ಹಿಂಗಾಲು ಏಳುವುದಿಲ್ಲ. ಜಿಗಿದು ಪೆಟ್ಟಾಗಿದೆ ಎಂದುಕೊಳ್ಳುತ್ತಾರೆ, ಅಸಲಿಗೆ ಸುಣ್ಣದಂಶ ಇಲ್ಲ. ಬೀಜಗಳಲ್ಲಿ ರಂಜಕ ಜಾಸ್ತಿ, ಅದು ಮೂಳೆಯ ಕ್ಯಾಲ್ಸಿಯಂ ಎಳೆಯುತ್ತದೆ. ನುಗ್ಗೆಸೊಪ್ಪು ದಿನಾ ಕೊಡಿ. ಹರಿವೆ, ಪಾಲಕ್ ಕಡಿಮೆ ಮಾಡಿ, ಅದರ ಆಕ್ಸಲೇಟು ಕ್ಯಾಲ್ಸಿಯಂ ಕಟ್ಟಿಹಾಕುತ್ತದೆ. ಅತ್ತಿ, ಗೋಳಿಹಣ್ಣು, ದಾಸವಾಳ ಹೂ, ಪೇರಲೆ, ಎಳೆ ತೆಂಗಿನಕಾಯಿ ಉಗುರಿನಷ್ಟು, ಗೆದ್ದಲು. ಬಾಳೆಹಣ್ಣು ರುಚಿಗೆ ಮಾತ್ರ. ಬೆಳಗಿನ ಎಳೆ ಬಿಸಿಲು ಅರ್ಧ ತಾಸು ಬೇಕು, ಗಾಜಿನ ಕಿಟಕಿ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ.

ಕರಿ ಈಶಾಡ (ಅಂಕೋಲಾ) – 12ನೇ ದಿನ

ಹಾಲಿನ ವಿಷಯದಲ್ಲಿ ಒಪ್ಪಿದೆ. ಈ ಕಡೆಯಿಂದ ಒಂದು ಉಪಾಯ: ಸಮುದ್ರ ದಂಡೆಗೆ ತೇಲಿಬರುವ ಬಿಳಿ ಬೆಂಡಿನಂಥ ಸಮುದ್ರ ನೊರೆ, ಕಟಲ್‌ಫಿಶ್ಶಿನ ಒಳಚಿಪ್ಪು. ಹೆಚ್ಚು ಕಡಿಮೆ ಪೂರಾ ಸುಣ್ಣವೇ. ಎರಡು ದಿನ ಸಿಹಿನೀರಲ್ಲಿ, ನೀರು ಬದಲಿಸುತ್ತ ನೆನೆಸಿ ಉಪ್ಪು ಬಿಡಿಸಿ, ಎರಡು ದಿನ ಬಿಸಿಲಿಗೆ ಒಣಗಿಸಿ ಗೂಡಿಗೆ ಕಟ್ಟಿ. ಹಲ್ಲೂ ಸವೆಯುತ್ತದೆ, ಕ್ಯಾಲ್ಸಿಯಂ ಸಹ ಸಿಗುತ್ತದೆ. ಶಿರಸಿಗೆ ಬೇಕಾದರೆ ಕಳಿಸಬಹುದು.

ಹಾಳೆಟೋಪಿ (ಯಲ್ಲಾಪುರ) – 13ನೇ ದಿನ

ಗೂಡಿನ ಮಾತು ಬಂತಲ್ಲ. ಆರನೇ ವಾರದಿಂದ ಹೊರಗೆ, ಮಾಡಿನ ಕೆಳಗೆ: ಎರಡಡಿ ಅಗಲ, ಎರಡಡಿ ಉದ್ದ, ನಾಲ್ಕಡಿ ಎತ್ತರ. ಜಾಲರಿ ಕಾಲು ಇಂಚಿನದು. ಅರ್ಧ ಇಂಚಿನಲ್ಲಿ ಸಣ್ಣ ಹಾವು ನುಗ್ಗುತ್ತದೆ, ಒಂದು ಇಂಚಾದರೆ ಮರಿಯೇ ಹೊರಗೆ. ಕೋಳಿ ಗೂಡಿನ ತೆಳು ಬಲೆ ಮಂಗ ಒಂದೇ ಎಳೆತಕ್ಕೆ ಕಿತ್ತುಹಾಕುತ್ತದೆ, ವೆಲ್ಡ್ ಮಾಡಿದ್ದು ತನ್ನಿ. ಕಾಲುಗಳನ್ನು ನೀರು ಮತ್ತು ಹರಳೆಣ್ಣೆ ಹಾಕಿದ ಡಬ್ಬಿಯಲ್ಲಿ ನಿಲ್ಲಿಸಿದರೆ ಇರುವೆ ಏರುವುದಿಲ್ಲ. ಒಳಗೆ ಒಣ ಟೊಂಗೆ ಓರೆಯಾಗಿ, ಮೇಲ್ತುದಿಗೆ ಮಲಗುವ ಡಬ್ಬಿ, ಈಗ ತೆಂಗಿನ ನಾರು ಹಾಕಬಹುದು.

ಮನೆಯವರೆಲ್ಲ ಎತ್ತಿ ಆಡಿಸುವುದು ಇವತ್ತಿನಿಂದ ನಿಲ್ಲಲಿ. ಬೆಕ್ಕಿಗೆ ಹೆದರದ ಅಳಿಲು ಹೊರಗೆ ಹೋದರೆ ವಾರ ಬಾಳುವುದಿಲ್ಲ.

ತೋಟದಂಚು (ಶಿರಸಿ) – 13ನೇ ದಿನ

ಬಿಡುವುದು ಯಾವಾಗ, ಹೇಗೆ?

ಸೊಪ್ಪಿನಬೆಟ್ಟ (ಶಿರಸಿ) – 13ನೇ ದಿನ

ಹನ್ನೆರಡನೇ ವಾರದ ಸುಮಾರು. ನಿಮ್ಮ ಲೆಕ್ಕಕ್ಕೆ ಮಾರ್ಚ್ ಮೊದಲಿಗೆ ಬರುತ್ತದೆ, ಒಳ್ಳೇ ಕಾಲ. ಜೂನ್‌ಗೆ ಹನ್ನೆರಡು ವಾರ ತುಂಬುವ ಮರಿಯಾದರೆ ಇಲಾಖೆಯವರ ಹತ್ತಿರ ಮಾತಾಡಿ ಮಳೆ ಇಳಿಯುವ ತನಕ ತಡೆಯುವುದೇ ಸರಿ, ಮೈ ಒಣಗದೆ ಮೊದಲ ವಾರವೇ ಸಾಯುತ್ತವೆ. ಬಿಡುವ ಮೊದಲು ಮೂರು ನೋಡಿ: ಗಟ್ಟಿ ಅತ್ತಿಕಾಯಿ ತಾನೇ ಕಡಿಯಬೇಕು, ಆ ಬಲಗಾಲಿನಲ್ಲಿ ತಲೆಕೆಳಗಾಗಿ ಜಾಲರಿ ಇಳಿಯಬೇಕು, ಅಪರಿಚಿತರು ಬಂದರೆ ಡಬ್ಬಿಗೆ ಓಡಬೇಕು. ಕಾಲು ಹಿಡಿತ ಬಾರದಿದ್ದರೆ ಬಿಡುವ ಮಾತನ್ನು ವೈದ್ಯರು, ಇಲಾಖೆಯವರು ತೀರ್ಮಾನಿಸಲಿ.

ಜಾಗ ಅದೇ ತೋಟ, ಬೇರೆ ಅಳಿಲು ಓಡಾಡುವ ಕಡೆ, ಬೆಕ್ಕಿನ ಮನೆಯಿಂದ ದೂರ. ಗೂಡನ್ನು ವಾರ ಮೊದಲೇ ಅಲ್ಲಿ ಇಟ್ಟು ಜಾಗ ಪರಿಚಯ ಮಾಡಿಸಿ. ಬಿಡುವ ದಿನ ಬೆಳಗ್ಗೆ 8ರ ಸುಮಾರಿಗೆ ಬಾಗಿಲು ತೆರೆದು ಕಟ್ಟಿ, ನೀವು ಎತ್ತಿ ಹೊರಗೆ ಬಿಡಬೇಡಿ. ಸಂಜೆ ವಾಪಸ್ ಬಂದರೆ ಬಾಗಿಲು ಹಾಕಿ, ಬೆಳಗ್ಗೆ ಮತ್ತೆ ತೆರೆಯಿರಿ. ಎರಡು ವಾರ ಗೂಡಿನೊಳಗೆ ತಿನ್ನಲು ಇಡುತ್ತ, ಪ್ರಮಾಣ ಇಳಿಸುತ್ತ ಬನ್ನಿ. ಆ ದಿನ ತೋಟಕ್ಕೆ ಮಂಗನ ಹಿಂಡು ಬಂದಿದ್ದರೆ ಬಾಗಿಲು ಮರುದಿನವೇ ತೆರೆಯಿರಿ.

ತೋಟದಂಚು (ಶಿರಸಿ) – 13ನೇ ದಿನ

ಈಶಾಡ ಅಣ್ಣ, ಆ ಸಮುದ್ರ ನೊರೆ ಎರಡು ತುಂಡು ಕಳಿಸಿ. ವಿಳಾಸ ಖಾಸಗಿಯಾಗಿ ಹಾಕುತ್ತೇನೆ.